ವಾಕಿಂಗ್ ತಪ್ಪಿಸಿಲ್ಲ, ತೂಕ ಮಾತ್ರ ಅಲ್ಲೇ ನಿಂತಿದೆ: ದೋಷ ಹುಡುಕುವ ಕ್ರಮ

ಒಂಬತ್ತು ವಾರ ನನ್ನ ತೂಕ 68 ಕೆ.ಜಿ. ಬಿಟ್ಟು ಕದಲಲಿಲ್ಲ. ವಾರಕ್ಕೆ ಆರು ದಿನ, ಬೆಳಗ್ಗೆ ಒಂದು ಗಂಟೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ. ಜಡಿಮಳೆ ಹಿಡಿದ ದಿನಗಳಲ್ಲೂ ಕೊಡೆ ಹಿಡಿದು ಹೋಗಿದ್ದೇನೆ. ಅದಕ್ಕೂ ಮುಂಚಿನ ಐದು ತಿಂಗಳಲ್ಲಿ 76ರಿಂದ 68ಕ್ಕೆ, ಅಂದರೆ ಎಂಟು ಕೆ.ಜಿ. ಇಳಿದಿದ್ದೆ. ಅದೇ ದಾರಿ, ಅದೇ ವೇಗ, ಊಟವೂ ಅದೇ ಎಂದು ನಂಬಿದ್ದೆ. ಆದರೂ ಇಳಿಕೆ ನಿಂತಿತು.

ನಾನು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನೀಷಿಯನ್. ವಯಸ್ಸು 44, ಎತ್ತರ 158 ಸೆಂ.ಮೀ. ಮಷೀನು ವಿಚಿತ್ರ ರಿಪೋರ್ಟ್ ಕೊಟ್ಟರೆ ನಾವು ರೋಗಿಯನ್ನು ಅನುಮಾನಿಸುವುದಿಲ್ಲ. ಮೊದಲು ಕಂಟ್ರೋಲ್ ಸ್ಯಾಂಪಲ್ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಓಡಿಸುತ್ತೇವೆ, ಆಮೇಲೆ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ), ಆಮೇಲೆ ಸ್ಯಾಂಪಲ್ ತೆಗೆದ ರೀತಿ. ಇಷ್ಟೂ ಸರಿಯಿದ್ದರೆ ಮಾತ್ರ ದೇಹದೊಳಗೆ ಏನೋ ಆಗಿದೆ ಎನ್ನುವ ಮಾತು. ನನ್ನ ತೂಕದ ವಿಷಯದಲ್ಲಿ ಮಾತ್ರ ಈ ಶಿಸ್ತನ್ನೆಲ್ಲ ಮರೆತು ನೇರ ಕೊನೆಯ ಹೆಜ್ಜೆಗೆ ಹಾರಿದ್ದೆ: ‘ಥೈರಾಯ್ಡ್ ಇರಬೇಕು’, ‘ನಲವತ್ತು ದಾಟಿದ ಮೇಲೆ ಇಷ್ಟೇ’, ‘ಇನ್ನರ್ಧ ಗಂಟೆ ಜಾಸ್ತಿ ನಡೆಯಬೇಕು’. ಮೂರೂ ತಪ್ಪಾಗಿದ್ದವು. ದೋಷ ಸಿಕ್ಕಿದ್ದು ಅಡುಗೆಮನೆಯಲ್ಲಿ, ಮತ್ತು ನಡಿಗೆ ಮುಗಿದ ಮೇಲಿನ ಇಪ್ಪತ್ಮೂರು ಗಂಟೆಗಳಲ್ಲಿ. ನಾನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಇದೇ ಕ್ರಮದಲ್ಲಿ ಹೋಗಿ. ಸುಲಭದ, ಖರ್ಚಿಲ್ಲದ ಪರೀಕ್ಷೆಗಳೆಲ್ಲ ಮೊದಲು ಬರುತ್ತವೆ.

ತೂಕ ನಿಜವಾಗಿ ನಿಂತಿದೆಯೇ?

ಹತ್ತು ದಿನ ಮುಳ್ಳು ಅಲ್ಲಾಡದಿದ್ದರೆ ಅದು ದೋಷವಲ್ಲ. ದೇಹದ ತೂಕ ದಿನದಿಂದ ದಿನಕ್ಕೆ ಒಂದು ಕೆ.ಜಿ.ಯಷ್ಟು ಏರಿಳಿಯುವುದು ಮಾಮೂಲಿ, ಕೊಬ್ಬು ಕರಗುವುದು ದಿನಕ್ಕೆ ಐವತ್ತು ಗ್ರಾಂ ಆಸುಪಾಸು. ಈ ಏರಿಳಿತದ ಗದ್ದಲದಲ್ಲಿ ಆ ಐವತ್ತು ಗ್ರಾಂ ಕೇಳಿಸುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ತೂಕ ನೋಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನೋಡಿದ ಆ ಒಂದು ದಿನ ಹಿಂದಿನ ರಾತ್ರಿ ಮದುವೆ ಊಟ ಆಗಿದ್ದರೆ, ಇಡೀ ವಾರದ ಶ್ರಮ ವ್ಯರ್ಥ ಎನಿಸುತ್ತದೆ.

ಪ್ರತಿದಿನ ಬೆಳಗ್ಗೆ, ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ ನಿಲ್ಲಿ. ಏಳು ದಿನದ ಸರಾಸರಿ ತೆಗೆಯಿರಿ. ನನ್ನ ಒಂದು ವಾರ ಹೀಗಿತ್ತು: 68.4, 67.9, 68.1, 69.0, 68.6, 68.2, 67.9. ಆ 69.0 ಸಂಬಂಧಿಕರ ಮನೆಯ ನಾಮಕರಣದ ಮರುದಿನದ್ದು. ಸರಾಸರಿ 68.3. ವಾರದ ಸರಾಸರಿ ನಾಲ್ಕು ವಾರ ಒಂದೇ ಕಡೆ ನಿಂತರೆ ಆಗ ಅದನ್ನು ದೋಷ ಎಂದು ಒಪ್ಪಿಕೊಳ್ಳಿ. ಮುಟ್ಟಾಗುವ ಹೆಣ್ಣುಮಕ್ಕಳು ಈ ವಾರವನ್ನು ಹಿಂದಿನ ವಾರದೊಂದಿಗೆ ಹೋಲಿಸಬೇಡಿ. ಹೋದ ತಿಂಗಳ ಇದೇ ಹಂತದ ವಾರದೊಂದಿಗೆ ಹೋಲಿಸಿ. ಮುಟ್ಟಿನ ಹಿಂದಿನ ದಿನಗಳಲ್ಲಿ ಒಂದೆರಡು ಕೆ.ಜಿ. ನೀರು ನಿಲ್ಲುವುದು ಅನೇಕರಿಗೆ ಇದೆ. ನನಗೂ ಇದೆ.

ಜೊತೆಗೆ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಿಗಿ ಮಾಡದೆ ಅಳೆಯಿರಿ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಏನನ್ನೂ ರಿಪೇರಿ ಮಾಡಬೇಡಿ. ಹೊಸದಾಗಿ ಜಿಮ್ ಸೇರಿ ಭಾರ ಎತ್ತಲು ಶುರುಮಾಡಿದವರಲ್ಲಿ ಇದು ಹೆಚ್ಚು. ನಮ್ಮವರಿಗೆ ಸೊಂಟದ ಅಳತೆ ತೂಕಕ್ಕಿಂತ ಹೆಚ್ಚು ಹೇಳುತ್ತದೆ ಎಂದೇ ನನ್ನ ನಂಬಿಕೆ. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎನ್ನುವ ಅಳತೆ) ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರದು 9.1 ಶೇಕಡ, ಯಾಜ್ಞಿಕ್ ಅವರದು 21.2 ಶೇಕಡ. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ನಮ್ಮ ಮೈಕಟ್ಟಿಗೆ ಇದಕ್ಕಿಂತ ಸ್ಪಷ್ಟ ಚಿತ್ರ ನಾನು ನೋಡಿಲ್ಲ. ಭಾರತೀಯರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ನನ್ನದು ಆಗ 91 ಇತ್ತು, ಒಂಬತ್ತು ವಾರದಲ್ಲಿ ಅದೂ ಕದಲಿರಲಿಲ್ಲ. ಹಾಗಾಗಿ ನನ್ನ ದೋಷ ನಿಜವಾದದ್ದೇ.

ತಕ್ಕಡಿಗೆ ಕಂಟ್ರೋಲ್ ಓಡಿಸಿ

ಮನೆಯ ಡಿಜಿಟಲ್ ತಕ್ಕಡಿಗಳಲ್ಲಿ ಬಹಳಷ್ಟು ಜನರಿಗೆ ಗೊತ್ತಿಲ್ಲದ ಒಂದು ಗುಣವಿದೆ. ಕೆಲವು ಮಾಡೆಲ್‌ಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡಿರುತ್ತವೆ. ಹೊಸ ತೂಕ ಅದಕ್ಕೆ ಹತ್ತಿರವಿದ್ದರೆ ಹಳೆಯದನ್ನೇ ತೋರಿಸಿಬಿಡುತ್ತವೆ. ಪದೇ ಪದೇ ನಿಂತರೂ ಒಂದೇ ಅಂಕಿ ಬರುತ್ತದೆ, ನಾವು ‘ಎಷ್ಟು ಕರಾರುವಾಕ್ಕು’ ಎಂದುಕೊಳ್ಳುತ್ತೇವೆ. ಪರೀಕ್ಷೆ ಸುಲಭ. ಒಮ್ಮೆ ಬರಿಗೈಲಿ ನಿಲ್ಲಿ. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ನಿಲ್ಲಿ. ಅಂಕಿ ಬದಲಾಗದಿದ್ದರೆ ತಕ್ಕಡಿ ಹಳೆಯದನ್ನೇ ಒಪ್ಪಿಸುತ್ತಿದೆ. ಬಿಚ್ಚದ ಐದು ಕೆ.ಜಿ. ಅಕ್ಕಿ ಪ್ಯಾಕೆಟ್ ಹಿಡಿದು ನಿಂತಾಗ ಐದು ಕೆ.ಜಿ. ಜಾಸ್ತಿ ಬರಬೇಕು. ಮ್ಯಾಟಿನ ಮೇಲೆ, ಏರುಪೇರಿನ ಕಡಪ ಕಲ್ಲಿನ ಮೇಲೆ ಇಡಬೇಡಿ. ಶೆಲ್ ಹಳೆಯದಾಗಿದ್ದರೆ ಬದಲಾಯಿಸಿ. ಕಾಲಿಟ್ಟ ಕೂಡಲೇ ಕೊಬ್ಬು ಇಷ್ಟು, ಸ್ನಾಯು ಇಷ್ಟು ಎಂದು ಹೇಳುವ ತಕ್ಕಡಿಗಳ ಆ ಅಂಕಿಗಳನ್ನು ನಾನು ಬರೆದುಕೊಳ್ಳುವುದೇ ಇಲ್ಲ. ಅವು ಮೈಯಲ್ಲಿ ಸಣ್ಣ ಕರೆಂಟು ಹರಿಸಿ ನೀರಿನ ಅಂಶದಿಂದ ಅಂದಾಜು ಮಾಡುತ್ತವೆ. ಎರಡು ಲೋಟ ನೀರು ಕುಡಿದರೂ ಬದಲಾಗುತ್ತವೆ.

ನೀರು ಮುಚ್ಚಿಟ್ಟ ಇಳಿಕೆ

ಲ್ಯಾಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಾರ್ಮಲ್ ಸಲೈನ್ ಎಂದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ದೇಹದ ದ್ರವಗಳೂ ಹೆಚ್ಚುಕಡಿಮೆ ಇದೇ ಹದದಲ್ಲಿವೆ. ಹಾಗಾಗಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಂದು ಒಂಬತ್ತು ಗ್ರಾಂ ಹೆಚ್ಚುವರಿ ಉಪ್ಪು ಒಳಗೆ ಹೋದರೆ, ಕಿಡ್ನಿ ಅದನ್ನು ಹೊರಹಾಕುವ ತನಕ ಒಂದು ಲೀಟರ್ ನೀರೂ ಒಳಗೇ ಉಳಿಯುತ್ತದೆ. ಒಂದು ಲೀಟರ್ ಅಂದರೆ ತಕ್ಕಡಿಯಲ್ಲಿ ಒಂದು ಕೆ.ಜಿ.

ಇನ್ನೊಂದು ಗ್ಲೈಕೋಜನ್. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಈ ಸಕ್ಕರೆ, ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಅನ್ನ ಬಿಟ್ಟ ಮೊದಲ ವಾರ ಎರಡು ಕೆ.ಜಿ. ‘ಇಳಿದೆ’ ಎಂದು ಎಲ್ಲರೂ ಸಂಭ್ರಮಿಸುವುದು ಈ ನೀರಿಗೇ. ಹಬ್ಬದ ಒಂದು ಊಟಕ್ಕೆ ಮರಳಿ ಬರುವುದೂ ಇದೇ ನೀರು. ಹೊಸ ವ್ಯಾಯಾಮ ಶುರುಮಾಡಿ ಮೈಕೈ ನೋವು ಬಂದಾಗಲೂ ಸ್ನಾಯುಗಳಲ್ಲಿ ನೀರು ನಿಲ್ಲುತ್ತದೆ. ಇವೆಲ್ಲ ಒಂದೆರಡು ವಾರ ಇಳಿಕೆಯನ್ನು ಮುಚ್ಚಿಡಬಲ್ಲವು, ಒಂಬತ್ತು ವಾರ ಮುಚ್ಚಿಡಲಾರವು.

ಲೆಕ್ಕ ತಾನಾಗಿ ಮುಚ್ಚಿಕೊಂಡ ಬಗೆ

ಈಗ ಅಸಲು ವಿಷಯಕ್ಕೆ ಬರೋಣ. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಐದು ತಿಂಗಳಲ್ಲಿ ಎಂಟು ಕೆ.ಜಿ. ಎಂದರೆ 61,600, 150 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 410. ಅಂದರೆ ಆ ಐದು ತಿಂಗಳು ನಾನು ಖರ್ಚಿಗಿಂತ ಸರಾಸರಿ 410 ಕ್ಯಾಲೊರಿ ಕಡಿಮೆ ತಿಂದಿದ್ದೆ. ತೂಕ ನಿಂತಿದೆ ಎಂದರೆ ಆ 410 ಈಗ ಸೊನ್ನೆಯಾಗಿದೆ. ‘ಮೆಟಬಾಲಿಸಂ (ದೇಹ ಶಕ್ತಿ ಖರ್ಚುಮಾಡುವ ಬಗೆ) ಕೆಟ್ಟುಹೋಯಿತು’ ಎನ್ನುವ ಬದಲು ‘ಆ 410 ಎಲ್ಲಿ ಹೋಯಿತು’ ಎಂದು ಕೇಳಿಕೊಳ್ಳಿ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಒಂದು ಪಾಲು ನಾನು ಸಣ್ಣಗಾದದ್ದರಿಂದಲೇ ಹೋಯಿತು. 76 ಕೆ.ಜಿ. ಮೈ ಹೊತ್ತು ಮೆಟ್ಟಿಲು ಹತ್ತುವುದಕ್ಕೂ 68 ಕೆ.ಜಿ. ಹೊತ್ತು ಹತ್ತುವುದಕ್ಕೂ ವ್ಯತ್ಯಾಸವಿದೆ. ಎಂಟು ಕೆ.ಜಿ. ಅಕ್ಕಿ ಮೂಟೆಯನ್ನು ಬೆನ್ನಿನಿಂದ ಇಳಿಸಿ ನಡೆದ ಹಾಗೆ. ಸುಮ್ಮನೆ ಮಲಗಿದ್ದರೂ ಸಣ್ಣ ದೇಹಕ್ಕೆ ಖರ್ಚು ಕಡಿಮೆ. ಅದರ ಮೇಲೆ, ತೂಕ ಇಳಿದಾಗ ದೇಹ ತನ್ನ ಖರ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು ಹಾಕಿದ ಲೆಕ್ಕದ ಪ್ರಕಾರ ಇಳಿದ ಪ್ರತಿ ಕೆ.ಜಿ.ಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆ. ಎಂಟು ಕೆ.ಜಿ.ಗೆ 25ರಂತೆ ಹಿಡಿದರೂ 200 ಆಯಿತು. ಅಲ್ಲಿಗೆ ಅರ್ಧ ಲೆಕ್ಕ ಸಿಕ್ಕಿತು, ಮತ್ತು ಆ ಅರ್ಧದಲ್ಲಿ ನನ್ನ ತಪ್ಪು ಏನೂ ಇಲ್ಲ.

ಅದೇ ಲೆಕ್ಕದ ಇನ್ನೊಂದು ಭಾಗವನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ಮುಖ್ಯ ಎನಿಸಿತು. ಇಳಿದ ಪ್ರತಿ ಕೆ.ಜಿ.ಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಖರ್ಚು ತಗ್ಗುವುದಕ್ಕಿಂತ ಮೂರು ನಾಲ್ಕು ಪಟ್ಟು! ಎಂಟು ಕೆ.ಜಿ. ಇಳಿದವರಿಗೆ ದೇಹ ದಿನವೂ 800 ಕ್ಯಾಲೊರಿ ಜಾಸ್ತಿ ಕೇಳುತ್ತಿರುತ್ತದೆ. ಕೂಗಿ ಕೇಳುವುದಿಲ್ಲ. ಸೌಟು ಅರ್ಧ ಇಂಚು ಆಳಕ್ಕೆ ಇಳಿಯುತ್ತದೆ, ತಟ್ಟೆ ಎತ್ತುವ ಮುಂಚೆ ಒಂದು ಹಿಡಿ ಮೊಸರನ್ನ ಸೇರುತ್ತದೆ. ಇದನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಯಾರಾದರೂ ಹೀಯಾಳಿಸಿದರೆ ಕಿವಿಗೊಡಬೇಡಿ. ಇದು ಶರೀರದ ಧರ್ಮ.

ಎಣ್ಣೆ ಕ್ಯಾನನ್ನು ತೂಗಿ

ಉಳಿದ 210 ಹುಡುಕಲು ತಿಂದದ್ದನ್ನೆಲ್ಲ ಬರೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಬರೆದೆ. ಮುದ್ದೆ ಒಂದು, ಸೊಪ್ಪಿನ ಸಾರು, ಪಲ್ಯ, ಮಜ್ಜಿಗೆ. ಪುಸ್ತಕದ ಪ್ರಕಾರ ನಾನು ತಿನ್ನುತ್ತಿದ್ದದ್ದು 1,300 ಕ್ಯಾಲೊರಿ. ಹಾಗಿದ್ದರೆ ತೂಕ ಇಳಿಯಲೇಬೇಕಿತ್ತು. ಬರೆಯುವ ಕೈಯನ್ನು ನಂಬುವ ಹಾಗಿಲ್ಲ ಎಂದು ವೈದ್ಯಲೋಕಕ್ಕೆ ಬಹಳ ಹಿಂದೆಯೇ ಗೊತ್ತಿದೆ. 1992ರಲ್ಲಿ ನ್ಯೂಯಾರ್ಕಿನಲ್ಲಿ, 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದವರನ್ನು ಕೂರಿಸಿ ಕರಾರುವಾಕ್ಕಾಗಿ ಅಳೆದರು. ಅವರ ಮೆಟಬಾಲಿಸಂ ಸರಿಯಾಗಿಯೇ ಇತ್ತು. ತಿಂದದ್ದನ್ನು ಸರಾಸರಿ 47 ಶೇಕಡ ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು 51 ಶೇಕಡ ಹೆಚ್ಚು ಬರೆದಿದ್ದರು. ಅವರು ಸುಳ್ಳು ಹೇಳುವ ಜನ ಅಲ್ಲ. ನಾನೂ ಅಲ್ಲ.

ಆದ್ದರಿಂದ ನೆನಪನ್ನು ಬಿಟ್ಟು ಪಾತ್ರೆಗಳನ್ನು ಕೇಳಿದೆ. ಒಂದು ಸೋಮವಾರ ಬೆಳಗ್ಗೆ ಸ್ಟೀಲಿನ ಎಣ್ಣೆ ಕ್ಯಾನನ್ನು ಅಡುಗೆ ತಕ್ಕಡಿಯ ಮೇಲಿಟ್ಟೆ. 3,140 ಗ್ರಾಂ. ಕ್ಯಾನಿನ ಹೊಟ್ಟೆಯ ಮೇಲೆ ಟೇಪು ಅಂಟಿಸಿ ಪೆನ್ನಿನಲ್ಲಿ ಬರೆದಿಟ್ಟೆ. ಮನೆಯಲ್ಲಿ ನಾವು ನಾಲ್ವರು: ನಾನು, ಗಂಡ, ಮಗ, ಅತ್ತೆ. ಆ ವಾರ ಬೋಂಡ ಬಜ್ಜಿ ಕರಿದಿಲ್ಲ. ಒಗ್ಗರಣೆ, ಪಲ್ಯ, ದೋಸೆ, ಒಂದು ದಿನ ಚಿತ್ರಾನ್ನ, ಇಷ್ಟೇ. ಮುಂದಿನ ಸೋಮವಾರ 2,240. ಏಳು ದಿನಕ್ಕೆ 900 ಗ್ರಾಂ ಎಣ್ಣೆ! ತಲೆಗೆ ದಿನಕ್ಕೆ 32 ಗ್ರಾಂ. ಎಣ್ಣೆ ಯಾವುದಾದರೂ ಇರಲಿ, ಕಡಲೆಕಾಯಿ, ಸೂರ್ಯಕಾಂತಿ, ಗಾಣದ್ದು, ಗ್ರಾಂಗೆ 9 ಕ್ಯಾಲೊರಿ. 32 ಗ್ರಾಂ ಎಂದರೆ 290 ಕ್ಯಾಲೊರಿ. ನಾನು ಪುಸ್ತಕದಲ್ಲಿ ‘ಎಣ್ಣೆ ಎರಡು ಚಮಚ’ ಎಂದು ಬರೆದಿದ್ದೆ. ಎರಡು ಟೀ ಚಮಚ ಅಂದರೆ 80.

ಮೊದಲು ತೂಕ ಇಳಿದಿತ್ತಲ್ಲ, ಆಗ ಇದೇ ಎಣ್ಣೆ ಇರಲಿಲ್ಲವೇ? ಯೋಚಿಸಿದಾಗ ನೆನಪಾಯಿತು. ಮೊದಲ ಮೂರು ತಿಂಗಳು ನನ್ನ ಪಲ್ಯವನ್ನು ಬೇರೆ ಸಣ್ಣ ಬಾಣಲೆಯಲ್ಲಿ, ಅಳೆದು ಹಾಕಿದ ಎಣ್ಣೆಯಲ್ಲಿ ಮಾಡಿಕೊಳ್ಳುತ್ತಿದ್ದೆ. ಬೆಳಗ್ಗೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಯಾವಾಗಲೋ ಎರಡು ಬಾಣಲೆ ಒಂದಾಯಿತು. ಯಾವ ದಿನ ಎಂದು ಗೊತ್ತೇ ಇಲ್ಲ. ಆ ಸಣ್ಣ ಬಾಣಲೆ ಅಟ್ಟದ ಮೇಲೆ ಸಿಕ್ಕಿತು, ಬೋರಲು ಹಾಕಿಟ್ಟಿದ್ದೆ, ತಳದ ಮೇಲೆ ಧೂಳು ಕೂತಿತ್ತು. ಅಲ್ಲೇ 150 ಕ್ಯಾಲೊರಿ ಸಿಕ್ಕಿಬಿಟ್ಟಿತು.

ಮಿಕ್ಕದ್ದು ಹುರಿಗಡಲೆ ಡಬ್ಬಿಯ ಪಕ್ಕದ ಕಡಲೆಬೀಜದ ಡಬ್ಬಿ. ಸಂಜೆ ಮನೆಗೆ ಬಂದ ಕೂಡಲೇ, ನಿಂತುಕೊಂಡೇ, ಒಂದು ಸಣ್ಣ ಹಿಡಿ. ಆ ಹಿಡಿಯನ್ನು ಬಾಯಿಗೆ ಹಾಕದೆ ತಕ್ಕಡಿಗೆ ಹಾಕಿದೆ: 14 ಗ್ರಾಂ, ಸುಮಾರು 80 ಕ್ಯಾಲೊರಿ. ಕಡಲೆಬೀಜ ಒಳ್ಳೆಯದೇ, ಆದರೆ ಅದು ಪುಸ್ತಕದಲ್ಲಿ ಇರಲಿಲ್ಲ. ಹನಿ ಹನಿ ಕೂಡಿ ಹಳ್ಳ ಆಗುವುದು ಹೀಗೆಯೇ.

ನಿಮ್ಮ ಮನೆಯಲ್ಲಿ ದೋಷ ಬೇರೆ ಡಬ್ಬಿಯಲ್ಲಿರಬಹುದು. ತೂಗಬೇಕಾದವು: ಎಣ್ಣೆ, ತುಪ್ಪ, ಸಕ್ಕರೆ ಬೆಲ್ಲ, ಕಾಯಿತುರಿ, ಕಡಲೆಬೀಜ, ಹಾಲು. ಸೋಮವಾರದಿಂದ ಸೋಮವಾರಕ್ಕೆ ತೂಗಿ ತಲೆಗೆ ಹಂಚಿ. ಸೊಪ್ಪು, ಸೌತೆಕಾಯಿ, ಟೊಮೆಟೊಗಳನ್ನು ತೂಗುತ್ತ ಕೂರಬೇಡಿ, ಅಲ್ಲಿ ಯಾವ ದೋಷವೂ ಅಡಗಿರುವುದಿಲ್ಲ. ಮುದ್ದೆ ಬಗ್ಗೆ ಒಂದು ಮಾತು: ರಾಗಿ ಒಳ್ಳೆಯದು, ಅದರಲ್ಲಿರುವ ಸುಣ್ಣದಂಶ ಅಕ್ಕಿಯಲ್ಲಿಲ್ಲ. ಆದರೆ 100 ಗ್ರಾಂ ರಾಗಿಹಿಟ್ಟಿಗೆ 320 ಕ್ಯಾಲೊರಿ, ಅಕ್ಕಿಗೆ 350ರ ಮೇಲೆ ಸ್ವಲ್ಪ. ‘ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇನೆ’ ಎನ್ನುವುದರಿಂದ ತೂಕ ಇಳಿಯುವುದಿಲ್ಲ. ಮುದ್ದೆಯ ಗಾತ್ರ ಎಷ್ಟು ಎನ್ನುವುದರಿಂದ ಇಳಿಯಬಹುದು. ಬಿಸಿನೀರಿಗೆ ನಿಂಬೆ ಜೇನು, ಜೀರಿಗೆ ಕಷಾಯ ಇವು ಕೊಬ್ಬು ಕರಗಿಸುವುದಿಲ್ಲ. ಇಷ್ಟವಿದ್ದರೆ ಕುಡಿಯಿರಿ, ಜೇನನ್ನು ಮಾತ್ರ ಸಕ್ಕರೆಯ ಲೆಕ್ಕಕ್ಕೆ ಬರೆಯಿರಿ.

ಪ್ರೋಟೀನ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಬರೀ ಪಥ್ಯ ಮಾಡಿದರೆ ಸುಮಾರು ಕಾಲುಭಾಗ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಾಮಾನ್ಯರಿಗೆ ಹೇಳುವುದು ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ, ಅಂದರೆ ನನ್ನ 68 ಕೆ.ಜಿ.ಗೆ ಸುಮಾರು 56 ಗ್ರಾಂ. ನಾನು ತಿನ್ನುತ್ತಿದ್ದದ್ದು ನಲವತ್ತು ಗ್ರಾಂ ಕೂಡ ಇರಲಿಲ್ಲ. ಕಾರಣ ಸಾರು. ಬೇಳೆ ತಳದಲ್ಲಿ, ನನ್ನ ಸೌಟು ಮೇಲಿನ ತಿಳಿಯಲ್ಲಿ. ಈಗ ಕಲಕಿ, ತಳದಿಂದ ಬಡಿಸಿಕೊಳ್ಳುತ್ತೇನೆ. ಮೊಳಕೆ ಹುರುಳಿ, ಅವರೆಕಾಳು, ಮೊಟ್ಟೆ, ಗಟ್ಟಿ ಮೊಸರು ಸೇರಿಸಿಕೊಂಡಿದ್ದೇನೆ. ಸಂಜೆಯ ಆ ಹಸಿವು ಅರ್ಧಕ್ಕೆ ಇಳಿದದ್ದು ಇದರಿಂದಲೇ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಡಿಗೆಯ ಮೇಲೆ ಹೊರಿಸಿದ ಭಾರ

ಗಂಟೆಗೆ ಐದು ಕಿ.ಮೀ. ವೇಗದ ನಡಿಗೆ ಸುಮ್ಮನೆ ಕೂತಿದ್ದಕ್ಕಿಂತ ಮೂರೂವರೆ ಪಟ್ಟು ಖರ್ಚಿನ ಕೆಲಸ. 68 ಕೆ.ಜಿ.ಗೆ ಒಂದು ಗಂಟೆಗೆ ಸುಮಾರು 240 ಕ್ಯಾಲೊರಿ. ಅದರಲ್ಲಿ ಮನೆಯಲ್ಲಿ ಕೂತಿದ್ದರೂ ಆಗುತ್ತಿದ್ದ 70 ಕಳೆಯಿರಿ. ಉಳಿಯುವುದು 170, ನಾಲ್ಕು ಟೀ ಚಮಚ ಎಣ್ಣೆಯಷ್ಟು. ನನ್ನ ಕೈಗಡಿಯಾರ 340 ಎಂದು ತೋರಿಸುತ್ತಿತ್ತು, ನಾನು ಅದನ್ನೇ ನಂಬಿ ತಿಂಡಿಗೆ ಇನ್ನೊಂದು ದೋಸೆ ಹಾಕಿಕೊಳ್ಳುತ್ತಿದ್ದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಗಡಿಯಾರಗಳನ್ನು ಪರೀಕ್ಷಿಸಿದಾಗ ಕ್ಯಾಲೊರಿ ಲೆಕ್ಕದಲ್ಲಿ ಅತ್ಯುತ್ತಮವಾದದ್ದೇ 27 ಶೇಕಡ ತಪ್ಪಿತ್ತು, ಕಳಪೆಯಾದದ್ದು 93 ಶೇಕಡ. ನಾಡಿಬಡಿತವನ್ನು ಚೆನ್ನಾಗಿಯೇ ಅಳೆಯುತ್ತವೆ. ಹೆಜ್ಜೆ, ನಾಡಿ ನೋಡಿ. ಕ್ಯಾಲೊರಿ ಅಂಕಿಯನ್ನು ಪರದೆಯಿಂದಲೇ ತೆಗೆದುಹಾಕಿ.

ಇದನ್ನು ಓದಿ ನಡಿಗೆ ಬಿಡಬೇಡಿ, ದಯವಿಟ್ಟು. ನನ್ನ ಊಟಕ್ಕೆ ಮುಂಚಿನ ಶುಗರ್ 112ರಿಂದ 96ಕ್ಕೆ ಬಂದಿದೆ, ಮಂಡಿನೋವು ಹೋಗಿದೆ, ನಿದ್ದೆ ಬರುತ್ತದೆ. ತೂಕದ ಎಲ್ಲ ಹೊಣೆಯನ್ನೂ ಅದರ ತಲೆಗೆ ಕಟ್ಟಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ನೋಡಬೇಕಾದದ್ದು ಆ ಗಂಟೆ ಮುಗಿದ ಮೇಲೆ ಏನಾಗುತ್ತದೆ ಎನ್ನುವುದನ್ನು. ನನ್ನ ಫೋನಿನ ಲೆಕ್ಕ ತೆಗೆದೆ. ದಿನಕ್ಕೆ 8,200 ಹೆಜ್ಜೆ, ನೋಡಲು ಚೆಂದ. ಅದರಲ್ಲಿ 6,500 ಕೆರೆಯ ಸುತ್ತಿನದು. ಉಳಿದ ಇಡೀ ದಿನಕ್ಕೆ 1,700! ಲ್ಯಾಬಿನಲ್ಲಿ ಮೊದಲು ಮೆಟ್ಟಿಲು ಹತ್ತುತ್ತಿದ್ದೆ, ಯಾವಾಗಲೋ ಲಿಫ್ಟಿಗೆ ಬದಲಾಗಿದ್ದೆ. ಹಾಲಿನ ಬೂತಿಗೆ ಸ್ಕೂಟರ್. ಕೂತಲ್ಲಿಂದಲೇ ‘ಪುಟ್ಟಾ, ನೀರು ತಂದುಕೊಡೋ’. ಬೆಳಗ್ಗೆ ನಡೆದಾಗಿದೆಯಲ್ಲ ಎಂದು ಮನಸ್ಸು ರಜೆ ಕೊಟ್ಟಿತ್ತು, ಕಡಿಮೆ ತಿನ್ನುವ ದೇಹವೂ ತನ್ನಷ್ಟಕ್ಕೆ ಅಲ್ಲಾಡುವುದನ್ನು ಕಡಿಮೆ ಮಾಡಿತ್ತು. 1944–45ರಲ್ಲಿ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದಾಗಲೂ ಹೀಗೇ ಆಯಿತು. ಕಟ್ಟುಮಸ್ತಾಗಿದ್ದ ಹುಡುಗರು ಅಗತ್ಯವಿಲ್ಲದೆ ಏಳುವುದನ್ನೇ ಬಿಟ್ಟರು. ಅವರದು ಅತಿ ಕಠಿಣ ಉಪವಾಸ, ನಮ್ಮದು ಅದರ ಸಣ್ಣ ನೆರಳು, ಆದರೆ ದಿಕ್ಕು ಅದೇ.

ಪರೀಕ್ಷೆ: ಒಟ್ಟು ಹೆಜ್ಜೆಯಿಂದ ವಾಕಿಂಗ್ ಹೆಜ್ಜೆ ಕಳೆಯಿರಿ. ಉಳಿದದ್ದು 3,000ಕ್ಕಿಂತ ಕಡಿಮೆಯಿದ್ದರೆ, ಇನ್ನರ್ಧ ಗಂಟೆ ಕೆರೆ ಸುತ್ತುವ ಮುಂಚೆ ಇದನ್ನು ಸರಿಮಾಡಿ.

‘ದೇಹಕ್ಕೆ ವಾಕಿಂಗ್ ಅಭ್ಯಾಸವಾಗಿದೆ, ಬೇರೆ ವ್ಯಾಯಾಮ ಕೊಟ್ಟು ಗೊಂದಲ ಮಾಡಬೇಕು’ ಎನ್ನುವ ಮಾತು ಜಿಮ್ಮುಗಳಲ್ಲಿ ಜೋರಾಗಿದೆ. ಸ್ನಾಯುಗಳಿಗೆ ಗೊಂದಲ ಬೇಕಿಲ್ಲ, ಭಾರ ಬೇಕು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ತುಂಬಿದ ನೀರಿನ ಕ್ಯಾನು ಎತ್ತುವುದು, ಇಷ್ಟರಿಂದಲೇ ನಾನು ಶುರುಮಾಡಿದೆ. ಇದರಿಂದ ಕ್ಯಾಲೊರಿ ಧಗಧಗ ಉರಿಯುತ್ತದೆ ಎಂದು ಎಣಿಸಬೇಡಿ. ಒಂದು ಕೆ.ಜಿ. ಸ್ನಾಯು ಸುಮ್ಮನಿದ್ದಾಗ ದಿನಕ್ಕೆ ಉರಿಸುವುದು 13 ಕ್ಯಾಲೊರಿ ಮಾತ್ರ. ಇಳಿಯುವ ತೂಕ ಕೊಬ್ಬಿನದೇ ಆಗಿರಲಿ, ಕಾಲಿನ ಬಲ ಹೋಗದಿರಲಿ ಎಂದು ಮಾಡಿ.

ನಿದ್ದೆ

ರಾತ್ರಿ ಪಾಳಿಯವರು, ಸಣ್ಣ ಮಕ್ಕಳ ತಾಯಂದಿರು ಇದನ್ನು ಬಿಡಬೇಡಿ. 2010ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಹತ್ತು ಜನರಿಗೆ ಒಂದೇ ಪ್ರಮಾಣದ ಊಟ ಕೊಟ್ಟು, ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ನಿದ್ದೆಗೆಟ್ಟ ವಾರಗಳಲ್ಲಿ ತೂಕ ಹೆಚ್ಚುಕಡಿಮೆ ಅಷ್ಟೇ ಇಳಿಯಿತು, ಆದರೆ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಿಮೆಯಾಯಿತು. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಪರೀಕ್ಷೆಗೆ ಹೋಗಿ.

ರಕ್ತಪರೀಕ್ಷೆ ಮತ್ತು ಮಾತ್ರೆಗಳು

ನನ್ನ ಮೇಜಿನ ಮುಂದೆ ತೋಳು ಚಾಚುವ ಹತ್ತಾರು ಜನ ‘ತೂಕ ಇಳೀತಿಲ್ಲ, ಥೈರಾಯ್ಡ್ ನೋಡಿಬಿಡಿ’ ಎನ್ನುತ್ತಾರೆ. ನೋಡಿಸಿ, ತಪ್ಪಿಲ್ಲ. ಆದರೆ ಥೈರಾಯ್ಡ್ ಕಡಿಮೆಯಾದಾಗ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆ.ಜಿ., ಅದರಲ್ಲೂ ಹೆಚ್ಚಿನದು ಉಪ್ಪು ನೀರು. ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣಚರ್ಮ, ದನಿ ದಪ್ಪವಾಗುವುದು, ಮುಟ್ಟಿನ ಏರುಪೇರು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ.

ಪರೀಕ್ಷೆ ಮಾಡಿಸುವಾಗ ಎರಡು ಸಂಗತಿ ಹೇಳಲೇಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಮಷೀನುಗಳಲ್ಲಿ ಅದು, ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನಾದ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಇರುವ ದೋಷ ಮುಚ್ಚಿಹೋಗುತ್ತದೆ. ಈಗಾಗಲೇ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಟ್ಟ ಮೇಲೆ ನುಂಗಿ. ದಿನನಿತ್ಯ ಅದನ್ನು ಖಾಲಿಹೊಟ್ಟೆಗೆ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗುವವರನ್ನು ಎಷ್ಟು ನೋಡಿದ್ದೇನೋ.

ತೂಕ ಹಿಡಿದಿಡುವ ಔಷಧಿಗಳಿವೆ: ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಾಜೋನ್, ಸ್ಟೀರಾಯ್ಡ್, ಅಮಿಟ್ರಿಪ್ಟಿಲಿನ್, ಒಲಾಂಜಪಿನ್, ವಾಲ್‌ಪ್ರೊಯೇಟ್. ಇವುಗಳಲ್ಲಿ ಒಂದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರ ಬಳಿ ಬದಲಿ ಇದೆಯೇ ಎಂದು ಕೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೇಲಿರುವವರು ಊಟ ಕಡಿಮೆ ಮಾಡುವ ಮುಂಚೆಯೇ ಕೇಳಬೇಕು. ಶುಗರ್ ಒಮ್ಮೆಲೇ ಕುಸಿದರೆ ಅಪಾಯ.

ಈ ಕೈಪಿಡಿಯನ್ನು ಮಡಚಿಟ್ಟು ನೇರ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳೂ ಇವೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿ ಕಾಲು ಊದಿದರೆ, ಮಲಗಿದರೆ ಉಸಿರು ಕಟ್ಟಿದರೆ ಅದೇ ದಿನ ಹೋಗಿ. ಮುಖ ಗುಂಡಗಾಗಿ ಹೊಟ್ಟೆಯ ಮೇಲೆ ನೇರಳೆ ಗೀರುಗಳು ಮೂಡಿದರೆ, ಮುಟ್ಟು ನಿಂತುಹೋದರೆ, ತಲೆಸುತ್ತು ಬಂದರೆ ತಡಮಾಡಬೇಡಿ. ಊಟದ ಯೋಚನೆ ಬಿಟ್ಟು ಬೇರೇನೂ ತಲೆಗೆ ಬರದಂತಾದರೂ ಹೋಗಿ, ಅದೂ ಕಾಯಿಲೆಯೇ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 1,200 ಕ್ಯಾಲೊರಿಗಿಂತ ಕೆಳಗೆ ಇಳಿಯಬೇಡಿ.

ಒಂದು ಸಲಕ್ಕೆ ಒಂದೇ ಸ್ಕ್ರೂ

ದೋಷ ಕಂಡ ಕೂಡಲೇ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಆತುರ ಬರುತ್ತದೆ. ಹಾಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ನಿಂತಾಗ ಮತ್ತೆ ಮೊದಲಿನಿಂದ ಹುಡುಕಬೇಕು. ನಾನು ಮೊದಲ ನಾಲ್ಕು ವಾರ ಎಣ್ಣೆಯನ್ನಷ್ಟೇ ಮುಟ್ಟಿದೆ. ಇಡೀ ಮನೆಗೆ ವಾರಕ್ಕೆ 550 ಗ್ರಾಂ ಎಂದು ಸೋಮವಾರ ಸಣ್ಣ ಬಾಟಲಿಗೆ ಸುರಿದಿಟ್ಟು, ಭಾನುವಾರದ ತನಕ ಅದರಲ್ಲೇ ಅಡುಗೆ. ಎರಡನೇ ವಾರ ಶುಕ್ರವಾರಕ್ಕೇ ಖಾಲಿಯಾಗಿ, ಎರಡು ದಿನ ಸಾರಿಗೆ ಒಗ್ಗರಣೆಯಿಲ್ಲ. ಅತ್ತೆ ಗೊಣಗಲಿಲ್ಲ, ಹಸಿ ಕೊತ್ತಂಬರಿ ಕತ್ತರಿಸಿ ಹಾಕಿದರು. ಸರಾಸರಿ 68.3ರಿಂದ 67.9ಕ್ಕೆ ಬಂತು. ನೋಡಲು ಅಲ್ಪ, ಆದರೆ ಒಂಬತ್ತು ವಾರದ ನಂತರದ ಮೊದಲ ಇಳಿಕೆ, ಮತ್ತು ಎಣ್ಣೆಯ ಲೆಕ್ಕಕ್ಕೆ ಸರಿಯಾಗಿ ಹೊಂದುವ ಇಳಿಕೆ.

ಐದನೇ ವಾರದಿಂದ ಮೆಟ್ಟಿಲು, ಹಾಲಿನ ಬೂತಿಗೆ ಕಾಲ್ನಡಿಗೆ, ಫೋನು ಬಂದರೆ ಎದ್ದು ಓಡಾಡುತ್ತ ಮಾತು. ವಾಕಿಂಗ್ ಬಿಟ್ಟು ಉಳಿದ ಹೆಜ್ಜೆ 1,700ರಿಂದ 4,500ಕ್ಕೆ ಬಂತು. ಕಡಲೆಬೀಜ ಬಿಡಲಿಲ್ಲ, ಸಂಜೆಯ ತಟ್ಟೆಗೆ ಎಣಿಸಿ ಹಾಕಿ ಕೂತು ತಿನ್ನಲು ಶುರುಮಾಡಿದೆ, ಅರ್ಧ ಸಾಕಾಯಿತು. ಹನ್ನೆರಡನೇ ವಾರದ ಸರಾಸರಿ 66.3, ಸೊಂಟ 88.

ಮುಂದೆ ಇನ್ನೊಂದು ಕಡೆ ನಿಲ್ಲುತ್ತದೆ, ಅದು ಗೊತ್ತಿರುವುದೇ. ನಾಲ್ಕು ಕೆ.ಜಿ. ಇಳಿದಾಗಲೆಲ್ಲ ದಿನದ ಖರ್ಚು ನೂರು ಕ್ಯಾಲೊರಿ ತಗ್ಗಿರುತ್ತದೆ ಎಂದು ಹಿಡಿದು, ಮತ್ತೆ ಒಂದು ಸೋಮವಾರ ಡಬ್ಬಿಗಳನ್ನು ತೂಗುತ್ತೇನೆ. ಹಬ್ಬದ ಸಾಲು, ಮಗನ ಪರೀಕ್ಷೆಯಂಥ ದಿನಗಳಲ್ಲಿ ಇಳಿಸುವ ಹಟ ಇಟ್ಟುಕೊಳ್ಳುವುದಿಲ್ಲ. ಸರಾಸರಿ ಏರದಂತೆ ಕಾಯುವುದೂ ಆ ದಿನಗಳ ಕೆಲಸವೇ. ಕ್ಯಾನಿನ ಮೇಲೆ ಅಂಟಿಸಿದ ಟೇಪು ಎಣ್ಣೆ ಹತ್ತಿ ಮಾಸಿದೆ, 3,140 ಎಂಬ ಅಂಕಿ ಇನ್ನೂ ಓದಲು ಬರುತ್ತದೆ. ಅದರ ಕೆಳಗೆ ಸೋಮವಾರದ ಅಂಕಿಗಳನ್ನು ಬರೆಯುತ್ತ ಹೋಗಿದ್ದೇನೆ.